ಊಟದ ಮೇಜಿಗೆ ಇನ್ನೊಂದು ಕುರ್ಚಿ: ಯೆಹೂದಿ ಹಬ್ಬಗಳನ್ನು ಎಲ್ಲರ ಜೊತೆ ಆಚರಿಸುವ ಬಗೆ

ಯೆಹೂದಿ ಮನೆತನಕ್ಕೆ ಸೊಸೆಯಾಗಿ ಬಂದವಳು ನಾನು. ಹಬ್ಬದ ಅಡುಗೆ, ಯಾರನ್ನು ಕರೆಯಬೇಕು ಅನ್ನುವ ಪಟ್ಟಿ, ಮಕ್ಕಳಿಗೆ ಹಾಡು ಕಲಿಸುವುದು ಎಲ್ಲವೂ ಈಗ ನನ್ನ ಕೈಯಲ್ಲಿದೆ. ಹೀಗೆ ಹೊಸದಾಗಿ ಕುಟುಂಬ ಸೇರಿದವರು, ಮನೆಯಲ್ಲಿ ನಿಂತುಹೋದ ಹಬ್ಬಗಳನ್ನು ಮತ್ತೆ ಶುರುಮಾಡಬೇಕು ಅಂತಿರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಇಷ್ಟೊಂದು ಹಬ್ಬ, ಇಷ್ಟೊಂದು ನಿಯಮ, ಎಲ್ಲಿಂದ ಹಿಡಿಯೋದು?

ಪ್ರತಿ ಹಬ್ಬದ ನಿಯಮದೊಳಗೇ ಬೇರೆಯವರಿಗೆ ಒಂದು ಜಾಗ ಇದೆ. ಮೊದಲು ಅದನ್ನು ಹುಡುಕಿ. ಅಡುಗೆ, ಅಲಂಕಾರ ಆಮೇಲೆ. ಇದು ನನ್ನ ಸ್ವಂತ ಮಾತಲ್ಲ. ಹಬ್ಬದ ದಿನ ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಮಾತ್ರ ಉಂಡು, ಇಲ್ಲದವರಿಗೆ ಕೊಡದೇ ಇದ್ದರೆ ಅದು ಹಬ್ಬದ ಸಂತೋಷ ಅಲ್ಲ, ಹೊಟ್ಟೆಯ ಸಂತೋಷ ಅಷ್ಟೇ ಎಂದು 12ನೇ ಶತಮಾನದಲ್ಲೇ ಯೆಹೂದಿ ವಿದ್ವಾಂಸ ಮೈಮೊನಿಡೀಸ್ ಬರೆದಿಟ್ಟಿದ್ದಾರೆ. ನಾನು ಪ್ರತಿ ಹಬ್ಬವನ್ನೂ ಈ ಮಾತಿನಿಂದಲೇ ಶುರು ಮಾಡುತ್ತೇನೆ.

ಮೊದಲು ಪಂಚಾಂಗ

ಹೀಬ್ರೂ ತಿಂಗಳುಗಳು ಚಂದ್ರನ ಲೆಕ್ಕ, ವರ್ಷ ಸೂರ್ಯನ ಲೆಕ್ಕ. ಎರಡನ್ನೂ ಹೊಂದಿಸಲು 19 ವರ್ಷಗಳಲ್ಲಿ 7 ಸಲ ಅಧಿಕ ಮಾಸ ಬರುತ್ತದೆ. ಅಧಿಕ ಮಾಸ ಗೊತ್ತಿರುವ ನಮಗೆ ಇದು ತಕ್ಷಣ ಅರ್ಥವಾಗುತ್ತದೆ. ಅದಕ್ಕೇ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪೆಸಾಖ್ ಹಬ್ಬ 2026ರಲ್ಲಿ ಏಪ್ರಿಲ್ 1ರ ಸಂಜೆ, 2027ರಲ್ಲಿ ಏಪ್ರಿಲ್ 21ರ ಸಂಜೆ.

ಸಂಜೆ ಅಂದೆ, ಗಮನಿಸಿ. ಇಲ್ಲಿ ದಿನ ಶುರುವಾಗುವುದೇ ಸೂರ್ಯ ಮುಳುಗಿದಾಗ. ಎಷ್ಟೋ ಗೋಡೆ ಕ್ಯಾಲೆಂಡರುಗಳಲ್ಲಿ ಮರುದಿನದ ಹಗಲಿನ ತಾರೀಖು ಮಾತ್ರ ಇರುತ್ತದೆ. ಅದನ್ನು ನಂಬಿ ರಜೆ ಹಾಕಿದರೆ ಮುಖ್ಯ ಊಟವೇ ತಪ್ಪುತ್ತದೆ. ವರ್ಷದ ಎಲ್ಲ ಹಬ್ಬಗಳ ಸಂಜೆಯ ತಾರೀಖು ಬರೆದು ಫ್ರಿಜ್ ಮೇಲೆ ಅಂಟಿಸಿ. ಒಂದು ಪ್ರತಿ ಆಫೀಸಿಗೆ, ಒಂದು ಮಕ್ಕಳ ಶಾಲೆಗೆ ಕೊಡಿ.

ಅಭ್ಯಾಸಕ್ಕೆ ಶುಕ್ರವಾರ

ದೊಡ್ಡ ಹಬ್ಬಕ್ಕೆ ಕಾಯಬೇಡಿ. ಶಬ್ಬಾತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿಯ ದಿನ, ಪ್ರತಿ ವಾರ ಬರುತ್ತದೆ, ಹಬ್ಬದ ಊಟದ ಚೌಕಟ್ಟು ಪೂರ್ತಿ ಅದರಲ್ಲೇ ಇದೆ. ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ದೀಪ ಹಚ್ಚುವುದು ಹೆಚ್ಚಿನ ಮನೆಗಳ ರೂಢಿ. ಆಮೇಲೆ ಮಕ್ಕಳ ತಲೆ ಮೇಲೆ ಕೈಯಿಟ್ಟು ಆಶೀರ್ವಾದ, ದ್ರಾಕ್ಷಾರಸದ ಮೇಲೆ ಕಿದ್ದುಶ್ ಪ್ರಾರ್ಥನೆ, ಕೈ ತೊಳೆದು ಎರಡು ಖಲಾ ಬ್ರೆಡ್ಡಿನ ಮೇಲೆ ಪ್ರಾರ್ಥನೆ, ಊಟ, ಹಾಡು. ವೈನ್ ಬೇಡದವರಿಗೆ ದ್ರಾಕ್ಷಿ ಜ್ಯೂಸ್ ನಡೆಯುತ್ತದೆ. ತಿಂಗಳಿಗೆ ಒಂದು ಶುಕ್ರವಾರವಾದರೂ ಹೊರಗಿನವರೊಬ್ಬರನ್ನು ಕರೆಯಿರಿ. ಪೆಸಾಖ್ ರಾತ್ರಿಯ ವಿಧಿವತ್ತಾದ ಊಟ ಸೇಡರ್ ಬರುವ ಹೊತ್ತಿಗೆ ನಿಮ್ಮ ಕೈ ಪಳಗಿರುತ್ತದೆ.

ತಿಶ್ರೇ: ಉಸಿರಾಡಲು ಬಿಡುವಿಲ್ಲದ ತಿಂಗಳು

ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬರುವ ತಿಶ್ರೇ ತಿಂಗಳಲ್ಲಿ ಹಬ್ಬಗಳು ಒಂದರ ಬೆನ್ನಿಗೆ ಒಂದು. ರೋಶ್ ಹಶಾನಾ ಹೊಸ ವರ್ಷ. ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತೇವೆ, ಖಲಾ ಗುಂಡಗೆ ಇರುತ್ತದೆ. ಮಕ್ಕಳು ಕಾಯುವುದು ಟಗರಿನ ಕೊಂಬಿನ ಶೋಫಾರ್ ಕೇಳಲು. ಯೆಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಸಾಮಾನ್ಯವಾಗಿ 100 ಸಲ ಊದುತ್ತಾರೆ. ಆದರೆ ಹಬ್ಬದ ದಿನ ಶಬ್ಬಾತ್ ಆದರೆ ಹೆಚ್ಚಿನ ಕಡೆ ಊದುವುದಿಲ್ಲ. 2026ರಲ್ಲಿ ಹಬ್ಬ ಸೆಪ್ಟೆಂಬರ್ 11ರ ಶುಕ್ರವಾರ ಸಂಜೆ ಶುರು. ಹಾಗಾಗಿ ಶನಿವಾರ ಕೊಂಬಿಲ್ಲ, ಭಾನುವಾರ ಇದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ಭಾನುವಾರವೇ ಹೋಗಿ.

ಹತ್ತನೇ ದಿನ ಯೋಮ್ ಕಿಪ್ಪುರ್, ತಪ್ಪಿಗೆ ಕ್ಷಮೆ ಕೇಳುವ ದಿನ. ಸುಮಾರು 25 ಗಂಟೆ ಅನ್ನ, ನೀರು ಎರಡೂ ಇಲ್ಲ. ಬಿಳಿ ಬಟ್ಟೆ ಹಾಕುತ್ತಾರೆ, ಚರ್ಮದ ಚಪ್ಪಲಿ ಮೆಟ್ಟುವುದಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಹಿಂದಿನ ದಿನಗಳದ್ದು. ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರೇ ಕ್ಷಮಿಸಬೇಕು, ಪ್ರಾರ್ಥನೆಯಿಂದ ಅದು ಮುಗಿಯುವುದಿಲ್ಲ. ಆದ್ದರಿಂದ ರೋಶ್ ಹಶಾನಾದಿಂದ ಯೋಮ್ ಕಿಪ್ಪುರ್‌ವರೆಗಿನ ದಿನಗಳಲ್ಲಿ ಫೋನ್ ಮಾಡಿ, ಇಲ್ಲವೇ ಮನೆಗೇ ಹೋಗಿ. ಮೆಸೇಜ್ ಫಾರ್ವರ್ಡ್ ಮಾಡಿದರೆ ಸಾಲದು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾಯಿಲೆಯವರಿಗೆ ಉಪವಾಸದಿಂದ ಅಪಾಯ ಆಗುವಂತಿದ್ದರೆ ಉಣ್ಣಲೇಬೇಕು, ಪ್ರಾಣ ಉಳಿಸುವುದು ಉಪವಾಸಕ್ಕಿಂತ ದೊಡ್ಡದು. ಗರ್ಭಿಣಿಯರು, ಬಾಣಂತಿಯರು, ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಡಾಕ್ಟರ್‌ನೂ ಧರ್ಮಗುರು ರಬ್ಬಿಯನ್ನೂ ಕೇಳಿಬಿಡಿ. ಉಪವಾಸ ಮುರಿಯುವ ಊಟಕ್ಕೆ ಒಬ್ಬರೇ ಇರುವವರನ್ನು ಕರೆಯಿರಿ. ಅಷ್ಟು ಹಸಿದು ಖಾಲಿ ಮನೆಗೆ ಹೋಗಿ ಒಲೆ ಹಚ್ಚುವುದು ಯಾರಿಗೂ ಬೇಡ.

ಉಪವಾಸ ಮುಗಿದ ರಾತ್ರಿಯೇ ಸುಕ್ಕಾ ಎಂಬ ಗುಡಿಸಲು ಕಟ್ಟುವ ಕೆಲಸಕ್ಕೆ ಕೈ ಹಾಕುವುದು ಸಂಪ್ರದಾಯ. ಹದಿನೈದನೇ ದಿನದಿಂದ ಏಳು ದಿನ ಸುಕ್ಕೋತ್, ಆಗ ಊಟವೆಲ್ಲ ಆ ಗುಡಿಸಲಲ್ಲೇ. ಗೋಡೆ ಯಾವುದರದ್ದಾದರೂ ಆಗಬಹುದು. ಬಟ್ಟೆಯಾದರೆ ಗಾಳಿಗೆ ಪಟಪಟ ಹಾರದಂತೆ ಬಿಗಿಯಾಗಿ ಕಟ್ಟಿ. ನಿಯಮ ಬಿಗಿ ಇರುವುದು ಚಾವಣಿಗೆ. ನೆಲದಲ್ಲಿ ಬೆಳೆದು, ಕಡಿದು ತಂದ ಸೊಪ್ಪು, ಕೊಂಬೆ, ಬಿದಿರು ಇಂಥದ್ದೇ ಹಾಸಬೇಕು. ಒಳಗೆ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು. ಮರದ ಕೆಳಗಾಗಲಿ, ಮೇಲ್ಮನೆಯ ಬಾಲ್ಕನಿ ಕೆಳಗಾಗಲಿ ಕಟ್ಟಿದರೆ ಸಲ್ಲುವುದಿಲ್ಲ. ತಲೆ ಮೇಲೆ ನೇರ ಆಕಾಶವೇ ಇರಬೇಕು. ಅಪಾರ್ಟ್‌ಮೆಂಟಿನವರು ಇದನ್ನು ಕೇಳಿ ಕೈಚೆಲ್ಲುತ್ತಾರೆ. ಬೇಡ. ನಾಲ್ಕು ಮನೆಯವರು ಸೇರಿ ಅಂಗಳದಲ್ಲೋ ತಾರಸಿ ಮೇಲೋ ಒಂದೇ ಸುಕ್ಕಾ ಹಾಕಿ, ಸರದಿ ಮೇಲೆ ಊಟ ಮಾಡಿ. ನನಗೆ ಕೇಳಿದರೆ ಅದೇ ಹೆಚ್ಚು ಚೆಂದ. ಅಬ್ರಹಾಮನಿಂದ ದಾವೀದನವರೆಗೆ ಏಳು ಹಿರಿಯರನ್ನು ದಿನಕ್ಕೊಬ್ಬರಂತೆ ಸುಕ್ಕಾಗೆ ಆಹ್ವಾನಿಸುವ ಪದ್ಧತಿ ಇದೆ. ಅವರನ್ನು ಕರೆದ ಮೇಲೆ ಪಕ್ಕದ ಮನೆಯವರನ್ನು ಬಿಡುವುದುಂಟೇ? ಜೋರು ಮಳೆ ಬಂದರೆ ತಟ್ಟೆ ಎತ್ತಿಕೊಂಡು ಒಳಗೆ ಬನ್ನಿ, ಅದಕ್ಕೆ ಅನುಮತಿ ಇದೆ.

ಕೊನೆಗೆ ಸಿಮ್ಖತ್ ತೋರಾ. ಯೆಹೂದಿ ಧರ್ಮಗ್ರಂಥ ತೋರಾದ ಸುರುಳಿಗಳನ್ನು ಎತ್ತಿಕೊಂಡು ಕುಣಿಯುವ ದಿನ. ಮಕ್ಕಳಿಗೆ ಸಿನಗಾಗ್ ಪರಿಚಯ ಮಾಡಿಸಲು ಇದಕ್ಕಿಂತ ಒಳ್ಳೆ ದಿನ ಇಲ್ಲ.

ಚಳಿಗಾಲದ ಎರಡು ಖುಷಿಗಳು

ದೀಪಗಳ ಹಬ್ಬ ಹನುಕ್ಕಾ ಎಂಟು ರಾತ್ರಿ. ಮೊದಲ ರಾತ್ರಿ ಒಂದು ಬತ್ತಿ, ಆಮೇಲೆ ದಿನಕ್ಕೊಂದು ಹೆಚ್ಚು. ಹಚ್ಚಲು ಬಳಸುವ ಶಮಾಶ್ ಸೇರಿ ಒಟ್ಟು 44 ಮೇಣದಬತ್ತಿ ಬೇಕು. ಬತ್ತಿಗಳನ್ನು ಬಲದಿಂದ ಎಡಕ್ಕೆ ಇಡಿ, ಹಚ್ಚುವಾಗ ಎಡದಿಂದ, ಅಂದರೆ ಆ ದಿನದ ಹೊಸ ಬತ್ತಿಯಿಂದ ಶುರು ಮಾಡಿ. ಶುಕ್ರವಾರ ಮಾತ್ರ ಶಬ್ಬಾತ್ ದೀಪಕ್ಕಿಂತ ಮೊದಲೇ ಇವನ್ನು ಹಚ್ಚಬೇಕು. ಆ ದಿನ ದೊಡ್ಡ ಬತ್ತಿ ಹಾಕಿ, ಕತ್ತಲಾದ ಮೇಲೂ ಅರ್ಧ ಗಂಟೆ ಉರಿಯಬೇಕು. ದೀಪವನ್ನು ಕಿಟಕಿಯಲ್ಲಿ ಇಡುವುದು ಬೀದಿಯವರಿಗೆ ಕಾಣಲಿ ಅಂತಲೇ. ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಲಾಟ್ಕೆ, ಜಾಮ್ ತುಂಬಿದ ಡೋನಟ್ ಸುಫ್ಗನಿಯೋತ್ ಬಗ್ಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ, ತಾನಾಗೇ ಖಾಲಿಯಾಗುತ್ತವೆ.

ಪುರಿಮ್ ದಿನ ನಾಲ್ಕು ಕೆಲಸ: ಯೆಹೂದಿಗಳನ್ನು ಕಾಪಾಡಿದ ರಾಣಿ ಎಸ್ತೇರಳ ಕಥೆ ಕೇಳುವುದು, ಒಬ್ಬ ಸ್ನೇಹಿತರಿಗಾದರೂ ಎರಡು ಬಗೆಯ ತಿನಿಸು ಕಳಿಸುವುದು, ಇಬ್ಬರು ಬಡವರಿಗಾದರೂ ದಾನ ಕೊಡುವುದು, ಊಟ. ಮಕ್ಕಳ ವೇಷ, ಕಥೆಯ ಖಳ ಹಾಮಾನನ ಹೆಸರು ಬಂದಾಗ ಗಿಲಕಿ ಆಡಿಸುವ ಗದ್ದಲ ಇದ್ದೇ ಇದೆ. ಈಗೀಗ ತಿನಿಸಿನ ಬುಟ್ಟಿಗಳು ದೊಡ್ಡದಾಗುತ್ತಾ, ದಾನ ಚಿಕ್ಕದಾಗುತ್ತಾ ಬಂದಿದೆ. ಅದು ತಿರುಗುಮುರುಗಾಗಬೇಕು. ನಮ್ಮ ಮನೆಯಲ್ಲಿ ಮೊದಲು ದಾನದ ದುಡ್ಡು ಎತ್ತಿಡುತ್ತೇವೆ, ಉಳಿದದ್ದರಲ್ಲಿ ಬುಟ್ಟಿ.

ಪೆಸಾಖ್: ಮನೆಯಲ್ಲೇ ನಡೆಯುವ ಹಬ್ಬ

ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್, ಈ ಐದು ಧಾನ್ಯಗಳಿಂದ ಮಾಡಿ ಹುಳಿಬಂದದ್ದೇ ಖಮೇತ್ಸ್. ಪೆಸಾಖ್‌ನಲ್ಲಿ ಅದು ಮನೆಯಲ್ಲಿ ಇರಲೇಬಾರದು. ಶುಚಿ ಮಾಡುವುದನ್ನು ಮಲಗುವ ಕೋಣೆಯಿಂದ ಶುರುಮಾಡಿ ಅಡುಗೆಮನೆಯಲ್ಲಿ ಮುಗಿಸಿ. ನೆನಪಿಡಿ, ಹುಡುಕುತ್ತಿರುವುದು ಬ್ರೆಡ್ ಚೂರನ್ನು, ಧೂಳನ್ನಲ್ಲ. ಹಿಂದಿನ ರಾತ್ರಿ ಮೇಣದಬತ್ತಿ, ಗರಿ, ಮರದ ಚಮಚ ಹಿಡಿದು ನೀವು ಬಚ್ಚಿಟ್ಟ ಹತ್ತು ಚೂರನ್ನು ಮಕ್ಕಳು ಹುಡುಕುತ್ತಾರೆ. ಎಲ್ಲೆಲ್ಲಿ ಇಟ್ಟಿರಿ ಅಂತ ಬರೆದಿಟ್ಟುಕೊಳ್ಳಿ.

ಸೇಡರ್‌ನ ಆರಂಭದಲ್ಲೇ ಅರಾಮಿಕ್ ಭಾಷೆಯಲ್ಲಿ ಒಂದು ಕರೆ ಇದೆ: ಹಸಿದವರೆಲ್ಲ ಬಂದು ಉಣ್ಣಲಿ. ಬಾಗಿಲು ಹಾಕಿಕೊಂಡು ಅದನ್ನು ಓದಿದರೆ ಏನು ಬಂತು? ಹಾಗಾಗಿ ಹಬ್ಬಕ್ಕೆ ಒಂದು ತಿಂಗಳು ಮೊದಲೇ ಕೇಳಿ: ಯಾರು ಒಂಟಿ, ಯಾವ ವಿದ್ಯಾರ್ಥಿ ಮನೆಯಿಂದ ದೂರ, ಯಾರ ಮನೆಯಲ್ಲಿ ಈ ವರ್ಷ ಸಾವಾಗಿದೆ.

ಬರುವವರ ಪದ್ಧತಿಯನ್ನೂ ಕೇಳಿ. ನಮ್ಮ ಅತ್ತೆಯವರ ಕಡೆ ಅಶ್ಕೆನಾಜಿಗಳು, ಪೂರ್ವ ಯುರೋಪಿನ ಮೂಲ. ಪೆಸಾಖ್‌ನಲ್ಲಿ ಅಕ್ಕಿ, ಬೇಳೆಕಾಳು ಮುಟ್ಟುವುದಿಲ್ಲ. ಓರಗಿತ್ತಿಯ ತವರು ಇರಾಕ್ ಮೂಲದ್ದು. ಅವರು ಅಕ್ಕಿಯನ್ನು ಮೂರು ಸಲ ಆರಿಸಿ ಅನ್ನ ಮಾಡುತ್ತಾರೆ. ಸೇಡರ್ ತಟ್ಟೆಯ ಸಿಹಿ ಮಿಶ್ರಣ ಖರೋಸೆತ್ ಅತ್ತೆಯವರದು ಸೇಬು, ವಾಲ್‌ನಟ್, ದಾಲ್ಚಿನ್ನಿ, ವೈನ್ ಹಾಕಿದ್ದು. ಓರಗಿತ್ತಿಯದು ಖರ್ಜೂರದ ಪಾಕಕ್ಕೆ ವಾಲ್‌ನಟ್ ಕಲಸಿದ್ದು. ನಾವು ಎರಡನ್ನೂ ಇಡುತ್ತೇವೆ. ಅನ್ನಕ್ಕೆ ಪಾತ್ರೆ, ಸೌಟು ಬೇರೆ. ಅತ್ತೆಯವರು ತಿನ್ನುವುದಿಲ್ಲ, ಬಡಿಸಲು ಅಡ್ಡಿಯಿಲ್ಲ. ಇಷ್ಟನ್ನು ಮೊದಲೇ ಮಾತಾಡಿಕೊಂಡರೆ ಮೇಜಿನ ಮುಂದೆ ಮುಜುಗರ ಇರುವುದಿಲ್ಲ.

ಮುಖ್ಯ ಊಟ ಬರುವಷ್ಟರಲ್ಲಿ ಗಂಟೆಗಟ್ಟಲೆ ಆಗಿರುತ್ತದೆ. ಮೊದಲಲ್ಲೇ ಉಪ್ಪುನೀರಿಗೆ ಅದ್ದಿ ತಿನ್ನುವ ತರಕಾರಿ, ಕರ್ಪಸ್, ಬರುತ್ತದೆ. ಬರೀ ಒಂದು ಎಸಳು ಪಾರ್ಸ್ಲಿ ಕೊಟ್ಟು ಸುಮ್ಮನಾಗಬೇಡಿ, ಬೇಯಿಸಿದ ಆಲೂಗಡ್ಡೆಯೂ ಇಡಿ. ಈ ರಾತ್ರಿ ಯಾಕೆ ಬೇರೆ ಅನ್ನುವ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಮನೆಯ ಅತಿ ಚಿಕ್ಕವರು. ಆ ಮಗುವಿಗೆ ವಾರ ಮೊದಲಿಂದ ಹೇಳಿಕೊಡಿ. ಸೇಡರ್ ಪುಸ್ತಕ ಹಗ್ಗಾದಾ ಓದುವುದನ್ನು ಎಲ್ಲರಿಗೂ ಹಂಚಿ, ಓದಲು ಸಂಕೋಚ ಇರುವವರಿಗೆ ವೈನ್ ಸುರಿಯುವ ಕೆಲಸ ಕೊಡಿ. ನಾಲ್ಕು ಬಟ್ಟಲು ಅಂದರೆ ಅದೂ ಸಣ್ಣ ಕೆಲಸವಲ್ಲ. ಬಚ್ಚಿಟ್ಟ ಅಫಿಕೋಮನ್, ಅಂದರೆ ಹುಳಿಯಿಲ್ಲದ ರೊಟ್ಟಿಯ ತುಂಡು, ಸಿಗುವವರೆಗೆ ಊಟ ಮುಗಿಯುವುದಿಲ್ಲ, ಆದ್ದರಿಂದ ಮಕ್ಕಳು ನಿದ್ದೆ ಹೋಗುವುದಿಲ್ಲ. ಇಸ್ರೇಲಿನಲ್ಲಿ ಒಂದೇ ಸೇಡರ್, ಹೊರಗೆ ಸಾಮಾನ್ಯವಾಗಿ ಎರಡು. ಎರಡಿದ್ದರೆ ಒಂದಕ್ಕೆ ಬೇರೆಯವರ ಮನೆಗೆ ಹೋಗಿ.

ಉಳಿದವು

ಪೆಸಾಖ್‌ನ ಎರಡನೇ ರಾತ್ರಿಯಿಂದ 49 ದಿನ ಎಣಿಸಿದರೆ ಶಾವುಓತ್, ತೋರಾ ದೊರೆತದ್ದನ್ನು ನೆನೆಯುವ ಹಬ್ಬ. ಹಾಲು, ಚೀಸ್ ಅಡುಗೆ, ರಾತ್ರಿಯಿಡೀ ಓದು. ಒಬ್ಬರು ಜಾಗ ಕೊಡಲಿ, ಇನ್ನೊಬ್ಬರು ಚೀಸ್ ಕೇಕ್ ತರಲಿ, ಮತ್ತೊಬ್ಬರು ಪಾಠ ಹೇಳಲಿ. ಬೇಸಿಗೆಯಲ್ಲಿ ತಿಶಾ ಬ್ಆವ್, ಜೆರುಸಲೇಮಿನ ಎರಡೂ ದೇವಾಲಯಗಳು ನಾಶವಾದದ್ದಕ್ಕೆ ಶೋಕದ ಉಪವಾಸ. ಆ ದಿನ ಯಾರೂ ನಮಸ್ಕಾರ, ಕುಶಲ ಕೇಳುವುದಿಲ್ಲ. ನೆಲದ ಮೇಲೆ ಕೂತು ಪ್ರಲಾಪಗಳನ್ನು ಕೇಳುತ್ತಾರೆ. ದೊಡ್ಡ ಮಕ್ಕಳನ್ನು ಇದಕ್ಕೂ ಕರೆದೊಯ್ಯಿರಿ, ಹಬ್ಬದ ಖುಷಿಗೆ ಮಾತ್ರ ಅಲ್ಲ.

ನೀವೇ ಅತಿಥಿಯಾದರೆ

ಕರೆಯುವವರು ಇಲ್ಲದಿದ್ದರೆ ಸಿನಗಾಗ್ ಆಫೀಸಿಗೆ ನೀವೇ ಫೋನ್ ಮಾಡಿ. ಹಲವು ಕಡೆ ಭದ್ರತೆಗಾಗಿ ಹೆಸರು ಮೊದಲೇ ಕೊಡಬೇಕು, ರೋಶ್ ಹಶಾನಾ, ಯೋಮ್ ಕಿಪ್ಪುರ್‌ಗೆ ಸೀಟೂ ಹೇಳಿಡಬೇಕಾಗುತ್ತದೆ. ಮನೆಗೆ ಹೋಗುವಾಗ ಸ್ವಂತ ಅಡುಗೆ ಒಯ್ಯುವ ಮೊದಲು ಕೇಳಿ. ಯೆಹೂದಿ ಆಹಾರ ನಿಯಮ ಪಾಲಿಸುವ ಕೋಶರ್ ಮನೆಗೆ ಕೋಶರ್ ಮುದ್ರೆಯಿರುವ ಸೀಲ್ ಮಾಡಿದ ಪೊಟ್ಟಣವೇ ಸರಿ. ಹೂವು ಕೊಡುವುದಾದರೆ ಸೂರ್ಯ ಮುಳುಗುವ ಮೊದಲೇ ತಲುಪಿಸಿ. ಫೋನ್ ಬ್ಯಾಗಿನಲ್ಲೇ ಇರಲಿ, ಫೋಟೋ ಬೇಡ. ಮುಂದಿನ ವರ್ಷ ನಿಮ್ಮ ಮನೆಗೆ ಅವರನ್ನು ಕರೆಯಲು ಈಗಲೇ ತಾರೀಖು ಗೊತ್ತುಮಾಡಿಕೊಂಡು ಬನ್ನಿ.