ರೇಡ್‌ದಾಗ ಎರಡು ಡಿಸ್ಕ್ ಬಿದ್ದಾಗ ಡೇಟಾ ವಾಪಸ್ ತಂದಿದ್ದು: ನನ್ನ ಅನುಭವ

ಏಪ್ರಿಲ್ ಕೊನೀ ವಾರ, ಕಲಬುರಗಿ ಬಿಸಿಲು ನಿಮಗ ಗೊತ್ತೇ ಅದ, ಸೂಪರ್ ಮಾರ್ಕೆಟ್ ಹತ್ರ ಫೋಟೋ ಸ್ಟುಡಿಯೋ ಇಟ್ಟಿರೋ ಅಣ್ಣಾರು ಮುಂಜಾನಿ ಮುಂಜಾನಿ ಫೋನ್ ಮಾಡಿದ್ರು, "ತಮ್ಮಾ, ಸರ್ವರ್ ಚಾಲೂ ಆಗ್ಯಾದ ಖರೆ ಒಂದೂ ಫೋಲ್ಡರ್ ಕಾಣವಲ್ದು, ಲಗೂನ ಬಾ" ಅಂತ. ರಾತ್ರಿ ಎರಡ್ಮೂರು ಸಲ ಕರೆಂಟ್ ಹೋಗಿ ಬಂದಿತ್ತಂತ. ಸೀಸನ್ನಿನ ಅಷ್ಟೂ ಮದುವಿ ವಿಡಿಯೋ, ಶರಣಬಸವೇಶ್ವರ ಜಾತ್ರಿ ತೇರಿಂದು ಸೈತ ಅದರಾಗೇ ಇತ್ತು, ಬೇರೆ ಕಾಪಿ ಎಲ್ಲೂ ಇದ್ದಿಲ್ಲ.

2 ಟಿಬಿದು ನಾಲ್ಕು ಡಿಸ್ಕ್, ಲಿನಕ್ಸ್ ಸಾಫ್ಟ್‌ವೇರ್ ರೇಡ್ 5, ಅಂದ್ರ ನಾಲ್ಕೂ ಡಿಸ್ಕ್ ಸೇರಿ ಒಂದೇ ದೊಡ್ಡ ಡ್ರೈವ್ ಇದ್ದಂಗ ನಡಿಯೋ ಗುಂಪು, ಆ ಗುಂಪಿಗೆ ಅರೇ ಅಂತಾರ. ಒಂದು ಡಿಸ್ಕ್ ಹೋದ್ರ ನಡೀತದ, ಎರಡು ಹೋದ್ರ ಅರೇ ಏಳಂಗಿಲ್ಲ, ಇಲ್ಲಿ ಎರಡು ಹೊರಗ ಬಿದ್ದಿದ್ವು. ಇಂಥ ಹೊತ್ತಿನ್ಯಾಗ ಗಾಬರಿಯಾಗಿ ಎಂಡಿಆಡಮ್ (ಲಿನಕ್ಸ್ ರೇಡ್ ನಡೆಸೋ ಟೂಲ್) ಕ್ರಿಯೇಟ್ ಕಮಾಂಡ್ ಹೊಡಿಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಅದು ಹಳೇ ಸೂಪರ್‌ಬ್ಲಾಕ್ (ಡಿಸ್ಕಿನ್ಯಾಗ ಬರೆದಿಟ್ಟ ಅರೇ ವಿವರ) ಮ್ಯಾಲ ಹೊಸಾದು ಬರೀತದ, ಡಿಸ್ಕ್ ಆರ್ಡರ್ ಇಲ್ಲಾ ಚಂಕ್ ಸೈಜ್ (ಒಂದೊಂದು ಡಿಸ್ಕಿಗೆ ಹಂಚೋ ಡೇಟಾ ತುಂಡಿನ ಅಳತಿ) ತಪ್ಪಿ ರೀಸಿಂಕ್ (ಡಿಸ್ಕ್ ಮತ್ತ ಹೊಂದಿಸಿ ಬರಿಯೋದು) ಶುರು ಆಯ್ತಂದ್ರ ಡೇಟಾ ಹೋತು.

ನಾ ಮೊದಲು ಮಾಡಿದ್ದು ಎಂಡಿಆಡಮ್‌ಗೆ ಎಕ್ಸಾಮಿನ್ ಕೊಟ್ಟು ನಾಲ್ಕೂ ಡಿಸ್ಕಿನ ಇವೆಂಟ್ ಕೌಂಟ್ (ಅರೇ ಬದಲಾದಂಗ ಏರೋ ಲೆಕ್ಕ, ಹಿಂದ ಉಳದದ್ದು ಮೊದಲು ಬಿದ್ದ ಡಿಸ್ಕ್) ಹಾಳಿ ಮ್ಯಾಲ ಬರ್ಕೊಂಡಿದ್ದು. ಮೊದಲ ಎರಡರದು 48212, ಮೂರನೇದು 48206, ನಾಲ್ಕನೇದು 31540. ಇಷ್ಟರಾಗೇ ಎಲ್ಲಾ ತಿಳೀತು. ನಾಲ್ಕನೇದು ಜನವರಿದಾಗೇ ಬಿದ್ದದ, ಅಲರ್ಟ್ ಮೇಲ್ ಸೆಟ್ ಇರಲಾರದಕ್ಕ ಯಾರಿಗೂ ಗೊತ್ತಾಗಿಲ್ಲ, ಮೂರು ತಿಂಗಳು ಅರೇ ಮೂರು ಕಾಲಿನ ಮ್ಯಾಲೇ ನಿಂತಿತ್ತು. ಅದನ್ನ ಸೇರ್ಸಿದ್ರ ಹಳೇ ಡೇಟಾ ಹೊಸದರಾಗ ಕಲಸಿ ಎಲ್ಲಾ ಕೆಡ್ತಿತ್ತು, ಹಂಗಾಗಿ ಅದನ್ನ ಕಿತ್ತಿ ಬಾಜೂಕ್ ಇಟ್ಟೆ. ಮೂರನೇದು ಬರೇ ಆರು ಹಿಂದ, ಅದೇ ನಮಗ ಬೇಕಾದ್ದು.

ಖರೆ ಅದರ ಸ್ಮಾರ್ಟ್ ರಿಪೋರ್ಟಿನ್ಯಾಗ (ಡಿಸ್ಕ್ ತನ್ನ ಆರೋಗ್ಯದ್ದು ತಾನೇ ಇಡೋ ಲೆಕ್ಕ) ಪೆಂಡಿಂಗ್ ಸೆಕ್ಟರ್, ಅಂದ್ರ ಓದಲಿಕ್ಕೆ ತ್ರಾಸ ಕೊಡೋ ಜಾಗ, 24 ಇದ್ವು, ಕಿವಿ ಇಟ್ಟು ಕೇಳಿದ್ರ ನಡುನಡುವ ಟಕ್ ಟಕ್ ಅಂತಿತ್ತು. ಹೊಸಾ ಡಿಸ್ಕ್ ತಂದು ಡಿಡಿರೆಸ್ಕ್ಯೂದಿಂದ (ಕೆಟ್ಟ ಡಿಸ್ಕಿಂದ ಡೇಟಾ ಎಳಿಯೋ ಟೂಲ್) ಕಾಪಿಗೆ ಹಚ್ಚಿದೆ, ಮ್ಯಾಪ್ ಫೈಲ್ ಕೊಡೋದು ಮಾತ್ರ ಮರೀಬ್ಯಾಡ್ರಿ, ನಡುವ ಕರೆಂಟ್ ಹೋದ್ರ ನಿಂತ ಜಾಗದಿಂದನೇ ಮುಂದ ಹೋಗ್ತದ, ನಮ್ಮ ಕಡಿ ಅದು ಭಾಳ ಮುಖ್ಯ. ಮೊದಲ ಪಾಸ್ ಚೊಲೋ ಇದ್ದ ಜಾಗ ಎಲ್ಲಾ ಎಳೀತು, ಆಮ್ಯಾಲ ಕೆಟ್ಟ ಜಾಗಕ್ಕ ಮೂರು ರೀಟ್ರೈ. ಡಿಸ್ಕಿಗೆ ಎದುರಾ ಟೇಬಲ್ ಫ್ಯಾನ್ ಇಟ್ಟು ಎಂಟು ತಾಸು ಕೂತೆ, ಕೊನಿಗೆ 16 ಕೆಬಿ ಅಷ್ಟೇ ಓದ್ಲಿಲ್ಲ.

ಆಮ್ಯಾಲ ಮೊದಲ ಎರಡು ಡಿಸ್ಕ್, ಮೂರನೇದರ ಹೊಸಾ ಕಾಪಿ, ಈ ಮೂರರ ಮ್ಯಾಲ ಲಿನಕ್ಸಿನ ಡಿವೈಸ್ ಮ್ಯಾಪರ್‌ದಾಗ ಸ್ನಾಪ್‌ಶಾಟ್ ಓವರ್‌ಲೇ ಹಾಕಿದೆ, ಅಂದ್ರ ಏನೇ ಬರೆದ್ರೂ ಬೇರೆ ಫೈಲಿಗೆ ಹೋಗ್ತದ, ಡಿಸ್ಕ್ ಹಂಗೇ ಉಳೀತದ. ಅದರ ಮ್ಯಾಲ ಎಂಡಿಆಡಮ್ ಅಸೆಂಬಲ್ (ಇದ್ದ ಡಿಸ್ಕ್ ಸೇರ್ಸಿ ಅರೇ ಎಬ್ಬಿಸೋದು), ಫೋರ್ಸ್ ಕೊಟ್ಟು. ಅರೇ ಎದ್ದು ನಿಂತಾಗ ಎದಿ ಡವಡವ. ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ತಪಾಸೋ ಟೂಲ್) ಬರೀಲಾರದಂಗ ಓಡ್ಸಿ ನೋಡಿ, ರೀಡ್ ಓನ್ಲಿ ಮೌಂಟ್ ಮಾಡಿ, ಎಲ್ಲಾ ಹೊರಗಿನ ಡ್ರೈವಿಗೆ ತೆಗೆದೆ.

ಅಣ್ಣಾರು ಮೊದಲು ತೆರೆದಿದ್ದು ಜಾತ್ರಿ ಫೋಲ್ಡರೇ, ತೇರು ಎಳಿಯೋದು ಪೂರಾ ಓಡ್ತು. ಒಂದು ಅರಿಶಿಣದ ವಿಡಿಯೋದಾಗ ಮಾತ್ರ ಮೂರು ಸೆಕೆಂಡ್ ಚೌಕ ಚೌಕ ಬರ್ತದ, ಅದು ಆ 16 ಕೆಬಿದು.