ಸೆಕೆಂಡ್ ಹ್ಯಾಂಡ್ ಬ್ಯಾಕ್‌ಹೋ ಕೊಂಡು ಟ್ರ್ಯಾಕ್ಟರಿಗೆ ಕೂರಿಸಿದ್ದು ಹೀಗೆ

ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಅಗೆಯುವ ಯಂತ್ರ ಬ್ಯಾಕ್‌ಹೋ. ಹಳೆಯದೊಂದನ್ನು ನೋಡಲು ಹೋದವರು ಮೊದಲು ಬಕೆಟ್ ಹತ್ತಿರ ಹೋಗಿ ನಿಲ್ಲುತ್ತಾರೆ. ಹಲ್ಲು ಎಷ್ಟು ಸವೆದಿದೆ ಅಂತ ಬಗ್ಗಿ ನೋಡುತ್ತಾರೆ. ಹಲ್ಲು ಬದಲಾಯಿಸುವುದು ದೊಡ್ಡ ವಿಷಯವೇ ಅಲ್ಲ. ನಾನು ಮೊದಲು ನೋಡಿದ್ದು ಇನ್ನೊಂದು ತುದಿಯನ್ನು, ಅಂದರೆ ಅದು ಟ್ರ್ಯಾಕ್ಟರಿಗೆ ಸೇರುವ ಜಾಗವನ್ನು.

ಲಾರಿಗೆ ಇರುವಂಥ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಸಾಮಾನ್ಯವಾಗಿ ಹೊಲದ ಟ್ರ್ಯಾಕ್ಟರಿಗೆ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ಒಂದಕ್ಕೊಂದು ಬೋಲ್ಟ್ ಆಗಿರುತ್ತವೆ. ಅವೇ ಗಾಡಿಯ ಬೆನ್ನೆಲುಬು. ನೇಗಿಲು ಹಿಂದಕ್ಕೆ ಎಳೆಯುತ್ತದೆ, ಅದನ್ನು ಈ ಬೆನ್ನೆಲುಬು ತಡೆಯುತ್ತದೆ. ಬ್ಯಾಕ್‌ಹೋ ಹಾಗಲ್ಲ. ಒಮ್ಮೆ ಎತ್ತುತ್ತದೆ, ಒಮ್ಮೆ ಒತ್ತುತ್ತದೆ, ಪಕ್ಕಕ್ಕೆ ತಿರುಚುತ್ತದೆ. ಬರೀ ಮೂರು ಪಾಯಿಂಟ್ ಲಿಂಕೇಜಿಗೆ (ನೇಗಿಲು ಕಟ್ಟುವ ಹಿಂದಿನ ಕೊಂಡಿ, ಕೆಳಗೆ ಎರಡು ಲಿಂಕ್, ಮೇಲೆ ಒಂದು ಟಾಪ್ ಲಿಂಕ್) ಸಿಕ್ಕಿಸಿದರೆ ಅಷ್ಟೂ ಪೆಟ್ಟು ಹಿಂದಿನ ಹೌಸಿಂಗ್ ಮೇಲೆ ಬೀಳುತ್ತದೆ. ಇನ್ನೂ ಕೆಟ್ಟದ್ದೊಂದಿದೆ. ಗಟ್ಟಿ ನೆಲ ಅಗೆಯುವಾಗ ಕೆಳಗಿನ ಎರಡು ಲಿಂಕ್ ಮೇಲೇಳಬಹುದು, ಟಾಪ್ ಲಿಂಕ್ ಮುರಿಯಬಹುದು. ಆಗ ಇಡೀ ಬ್ಯಾಕ್‌ಹೋ ಮುಂದಕ್ಕೆ ಮಡಚಿಕೊಂಡು ಕೂತವನನ್ನು ಟ್ರ್ಯಾಕ್ಟರಿಗೆ ಒತ್ತಿಬಿಡುತ್ತದೆ. ಜೀವ ಹೋಗುವ ವಿಷಯ ಇದು. ಅದಕ್ಕೇ ಟ್ರ್ಯಾಕ್ಟರ್ ಹೊಟ್ಟೆಯ ಕೆಳಗೆ ಹಿಂದಿನಿಂದ ಮುಂದಿನವರೆಗೆ ಹೋಗುವ ಸಬ್‌ಫ್ರೇಮ್ (ಪೆಟ್ಟು ಹೊರುವ ಉಕ್ಕಿನ ಚೌಕಟ್ಟು) ಇಲ್ಲದ ಬ್ಯಾಕ್‌ಹೋ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನನಗೆ ಬೇಡವಾಗಿತ್ತು.

ನನಗೆ ಸಿಕ್ಕ ಫ್ರೇಮ್ ಬೇರೆ ಮಾಡೆಲ್ ಟ್ರ್ಯಾಕ್ಟರಿನದು. ಉದ್ದದ ಎರಡು ಪಟ್ಟಿ ಹಾಗೇ ಉಳಿಸಿಕೊಂಡು, ನಮ್ಮ ಗಾಡಿಯಲ್ಲಿ ಮೊದಲೇ ಇದ್ದ ಬೋಲ್ಟ್ ತೂತುಗಳಿಗೆ ಹೊಂದುವ ಹಾಗೆ ದಪ್ಪ ಪ್ಲೇಟಿನ ಬ್ರಾಕೆಟ್ ಮಾಡಿಸಿದೆ. ಟ್ರ್ಯಾಕ್ಟರಿನ ಹೌಸಿಂಗಿಗೆ ಮಾತ್ರ ವೆಲ್ಡಿಂಗ್ ಮುಟ್ಟಿಸಲಿಲ್ಲ. ಅದು ಬೀಡು ಕಬ್ಬಿಣ. ವೆಲ್ಡ್ ಮಾಡಿದರೆ ಪಕ್ಕದಲ್ಲೇ ಸೀಳು ಬಿಡುತ್ತದೆ. ಮೊದಲ ದಿನದ ಕೆಲಸ ಮುಗಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೆ ಬಿಗಿ ಮಾಡಿದೆ. ಹೊಸದಾಗಿ ಕೂತ ಬೋಲ್ಟು ಸ್ವಲ್ಪ ಸಡಿಲ ಆಗಿಯೇ ಆಗುತ್ತದೆ.

ಇನ್ನು ಯಂತ್ರದ ಪರೀಕ್ಷೆ. ಬೂಮ್ ಅಂದರೆ ದೊಡ್ಡ ತೋಳಿನ ಬುಡ, ಆ ತೋಳನ್ನು ಪಕ್ಕಕ್ಕೆ ತಿರುಗಿಸುವ ಕಂಬದ ಸುತ್ತ, ಸಿಲಿಂಡರಿನ ಪಿನ್ ಕೂರುವ ಕಿವಿಗಳು, ಸೀಳು ಬಿಡುವುದು ಈ ಜಾಗಗಳಲ್ಲೇ. ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ನನಗೆ ಅನುಮಾನ ಜಾಸ್ತಿ. ಒಂದು ಹಳೆ ಉಪಾಯ ಇದೆ. ಮಾರುವವರನ್ನು ಕೇಳಿಕೊಂಡು ಆ ಜಾಗದ ಬಣ್ಣ ಉಜ್ಜಿ ತೆಗೆದೆ. ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ತಿಕ್ಕಿದೆ. ಸೀಳಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿಸುತ್ತದೆ. ಬಕೆಟಿನ ಒಂದು ಕಿವಿಯಲ್ಲಿ ಅಂಥ ಗೆರೆ ಮೂಡಿತು. ಬಕೆಟ್ ಅಲ್ವಾ, ಕೆತ್ತಿ ವೆಲ್ಡ್ ಮಾಡಿಸಬಹುದು. ಅದೇ ಗೆರೆ ತಿರುಗುವ ಕಂಬದ ಬುಡದಲ್ಲಿ ಕಂಡಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದೆ.

ಬೂಮನ್ನು ಉದ್ದಕ್ಕೆ ಚಾಚಿಸಿ, ಬಕೆಟನ್ನು ನೆಲದಿಂದ ಒಂದು ಗೇಣು ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ, ಬಕೆಟ್ ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದೆ. ಸವೆದ ಪಿನ್ನು, ಬುಷ್ಷು ಎಲ್ಲದರ ಆಟ ಅಲ್ಲಿ ಒಟ್ಟಿಗೆ ಗೊತ್ತಾಗುತ್ತದೆ. ತಿರುಗುವ ಕಂಬದ ಪಿನ್ ಆಡುತ್ತಿದ್ದರೆ ಖರ್ಚು ಜಾಸ್ತಿ, ಉಳಿದವನ್ನು ಲೇತಿನಲ್ಲಿ ಮಾಡಿಸಬಹುದು. ಹಾಗೇ ಬಿಟ್ಟು ನೋಡಿದರೆ ಬೂಮ್ ಎಷ್ಟು ಬೇಗ ಇಳಿಯುತ್ತದೆ ಅನ್ನುವುದೂ ಕಾಣುತ್ತದೆ. ಮೆಲ್ಲಗೆ ಇಳಿಯುವುದು ಹಳೆ ಯಂತ್ರದಲ್ಲಿ ಮಾಮೂಲು. ಬೇಗ ಇಳಿದರೆ ಸಿಲಿಂಡರಿನ ಸೀಲ್ ಹೋಗಿರಬೇಕು, ಇಲ್ಲವೇ ವಾಲ್ವ್ ಸವೆದಿರಬೇಕು. ಸೀಲ್ ಕಿಟ್ ಹಾಕಬಹುದು. ವಾಲ್ವಿನ ಒಳಗೆ ಜಾರುವ ಸ್ಪೂಲು ಸವೆದರೆ ಹೆಚ್ಚಾಗಿ ಇಡೀ ವಾಲ್ವ್ ಬ್ಲಾಕೇ ಬದಲಾಗಬೇಕು. ಸಿಲಿಂಡರ್ ರಾಡಿನ ಮೇಲೆ ಬಟ್ಟೆ ಎಳೆದು ನೋಡಿ. ನೂಲು ಸಿಕ್ಕಿಕೊಳ್ಳುವ ಕಡೆ ಕ್ರೋಮ್ ಎದ್ದಿರುತ್ತದೆ, ಅದು ಹೊಸ ಸೀಲನ್ನೂ ಕೊಯ್ಯುತ್ತದೆ.

ಆಯಿಲ್ ಎಲ್ಲಿಂದ ಕೊಡುವುದು ಅನ್ನುವುದು ಮುಂದಿನ ಪ್ರಶ್ನೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಿನಿಂದಲೇ ತೆಗೆಯಬಹುದು. ಆದರೆ ತುಂಬಾ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್. ಯಾರದ್ದೋ ಹಳೆ ಸಿಲಿಂಡರಿನ ಕೊಳೆ, ಲೋಹದ ಪುಡಿ ನಮ್ಮ ಗೇರಿಗೆ ಬರುವುದು ನನಗೆ ಇಷ್ಟವಿರಲಿಲ್ಲ. ಪಿಟಿಒಗೆ (ಎಂಜಿನ್ ಶಕ್ತಿಯನ್ನು ಹೊರಗೆ ಕೊಡುವ, ಹಿಂದೆ ತಿರುಗುವ ಶಾಫ್ಟ್) ಕೂರುವ ಪಂಪ್, ಅದಕ್ಕೇ ಬೇರೆ ಟ್ಯಾಂಕ್, ವಾಪಸ್ ಬರುವ ಪೈಪಿಗೆ ಫಿಲ್ಟರ್ ಹಾಕಿಸಿದೆ. ಪಿಟಿಒ 540 ಆರ್‌ಪಿಎಂ ತಿರುಗುವಾಗ ಪಂಪಿನ ಮೈ ತಾನೂ ತಿರುಗಲು ನೋಡುತ್ತದೆ, ಅದನ್ನು ಫ್ರೇಮಿಗೆ ಗಟ್ಟಿಯಾಗಿ ಕಟ್ಟಲೇಬೇಕು. ಇಲ್ಲದಿದ್ದರೆ ಪೈಪು ಸುತ್ತಿಕೊಂಡು ಕಿತ್ತುಬರುತ್ತದೆ. ನಿಧಾನ ಅನಿಸಿದಾಗ, ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ಬಿಗಿ ಮಾಡಿ ಅನ್ನುವವರು ಸಿಗುತ್ತಾರೆ. ವೇಗ ಬರುವುದು ಆಯಿಲ್ ಹರಿಯುವ ಪ್ರಮಾಣದಿಂದ, ಒತ್ತಡದಿಂದಲ್ಲ. ಒತ್ತಡ ಏರಿಸಿದರೆ ಪೈಪು, ಸೀಲು, ಬೂಮ್ ಎಲ್ಲಕ್ಕೂ ತಾಳಿಕೆಗೆ ಮೀರಿದ ಭಾರ.

ಸೋರಿಕೆಯನ್ನು ದಯವಿಟ್ಟು ಕೈಯಿಂದ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ, ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೇ ಹೋಗಬಹುದು. ನಾನು ರಟ್ಟಿನ ತುಂಡು ಹಿಡಿದು ನೋಡುತ್ತೇನೆ. ಪೈಪ್ ಬಿಚ್ಚುವ ಮೊದಲು ಬಕೆಟ್ ನೆಲಕ್ಕಿಟ್ಟು, ಎಂಜಿನ್ ಆಫ್ ಮಾಡಿ, ಎಲ್ಲ ಲಿವರನ್ನೂ ಅತ್ತಿತ್ತ ಆಡಿಸಿ ಒತ್ತಡ ಇಳಿಸುತ್ತೇನೆ.

ಅಗೆಯುವುದು ಕೈಗೆ ಬೇಗ ಹತ್ತಿತು. ಎರಡೂ ಪಕ್ಕ ನೆಲಕ್ಕೂರುವ ಜಾಕ್ ಕಾಲಿನ ಕೆಳಗೆ ದಪ್ಪ ಹಲಗೆ ಕೊಟ್ಟು, ಹಿಂದಿನ ಚಕ್ರದ ಭಾರ ಹಗುರಾಗುವಷ್ಟು ಮಾತ್ರ ಎತ್ತುತ್ತೇನೆ. ಬೂಮಿನಿಂದ ಗುದ್ದುವುದಿಲ್ಲ. ಬೂಮಿನ ತುದಿಯ ಚಿಕ್ಕ ತೋಳನ್ನು ಒಳಕ್ಕೆಳೆಯುತ್ತಾ ಬಕೆಟ್ ಮಡಚಿ ತೆಳುವಾಗಿ ಸಿಪ್ಪೆ ತೆಗೆದ ಹಾಗೆ ಅಗೆದರೆ ಬಕೆಟ್ ತುಂಬುತ್ತದೆ, ಯಂತ್ರಕ್ಕೂ ಹಿತ. ಮಣ್ಣು ಸರಿಸಲು ಬಕೆಟನ್ನು ಪಕ್ಕಕ್ಕೆ ಬೀಸುವುದು ಬೇಡ, ತಿರುಗುವ ಕಂಬ ಸವೆಯುವುದೇ ಅದರಿಂದ. ಮರದ ಬುಡ ತೆಗೆಯುವಾಗ ಸುತ್ತಲಿನ ಬೇರು ಒಂದೊಂದೇ ಕತ್ತರಿಸಿದ ಮೇಲೆಯೇ ಬುಡಕ್ಕೆ ಕೈ ಹಾಕುತ್ತೇನೆ. ತೆಗೆದ ಮಣ್ಣು ಗುಂಡಿ ಅಂಚಿನಿಂದ 2 ಅಡಿಯಾದರೂ ದೂರ ಬೀಳಬೇಕು. ಎದೆಯೆತ್ತರದ ಗುಂಡಿಗೆ, ಬದಿಗೆ ಆಸರೆ ಇಲ್ಲದೆ ಯಾರನ್ನೂ ಇಳಿಸುವುದಿಲ್ಲ. ಮಣ್ಣು ಕುಸಿಯುವಾಗ ಓಡಲು ಸಮಯ ಸಿಗುವುದಿಲ್ಲ.

ಸಾಗಿಸುವಾಗ ಬೂಮ್ ಮಡಚಿ ಲಾಕ್ ಪಿನ್ ಹಾಕುತ್ತೇನೆ. ಹಿಂದಿನ ಭಾರಕ್ಕೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ, ಹಾಗಾಗಿ ಮುಂದೆ ತೂಕ ಕಟ್ಟಿದ್ದೇನೆ. ಉಳುಮೆ ಬಂದಾಗ ಬಿಚ್ಚಿ ಹಲಗೆಯ ಮೇಲೆ ನಿಲ್ಲಿಸಿ, ಆದಷ್ಟು ರಾಡುಗಳನ್ನು ಒಳಕ್ಕೆಳೆದು, ಹೊರಗುಳಿದದ್ದಕ್ಕೆ ಗ್ರೀಸ್ ಬಳಿಯುತ್ತೇನೆ. ಪೈಪಿನ ಬಾಯಿಗಳಿಗೆ ಮುಚ್ಚಳ ಹಾಕಿ, ಯಾವುದು ಎಲ್ಲಿಗೆ ಅಂತ ಬಣ್ಣದ ಟೇಪ್ ಸುತ್ತಿಡುತ್ತೇನೆ.