ಚಿಗುರು ಸೊರಗಿದರೆ ಅಂಗಡಿಗೆ ಓಡಬೇಡಿ

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಬೆಣ್ಣೆಹಣ್ಣು, ರಂಬುಟಾನ್, ಲಿಚಿಯ ಕಸಿ ಗಿಡಗಳನ್ನು ನೆಟ್ಟವರು ಕಡಿಮೆಯಿಲ್ಲ. ಚಿಗುರು ಹಳದಿಯಾದ ಕೂಡಲೇ ಒಂದು ಎಲೆ ಕಿತ್ತು ಜೇಬಿಗಿಟ್ಟುಕೊಂಡು ಔಷಧದ ಅಂಗಡಿಗೆ ಹೊರಡುವುದು ವಾಡಿಕೆ. ಅಂಗಡಿಯವರು ಆ ಬಾಡಿದ ಎಲೆ ನೋಡಿ ಕೀಟನಾಶಕ, ಶಿಲೀಂಧ್ರನಾಶಕ, ಟಾನಿಕ್ ಮೂರನ್ನೂ ಕಟ್ಟಿಕೊಡುತ್ತಾರೆ. ರೋಗ ಯಾವುದೆಂದು ಇಬ್ಬರಿಗೂ ಗೊತ್ತಿರುವುದಿಲ್ಲ.

ಮೊದಲು, ಅದು ರೋಗವೇ ಎಂದು ನೋಡಿ. ಮಾವು, ಲಿಚಿಯ ಎಳೆ ಚಿಗುರು ತಾಮ್ರದ ಬಣ್ಣದ್ದು, ಜೋತುಬಿದ್ದಂತೆಯೂ ಕಾಣುತ್ತದೆ. ಬಲಿತಂತೆ ತಾನೇ ಹಸಿರಾಗುತ್ತದೆ.

ನಂತರ ಎಲೆ ಮಗುಚಿ ಕೀಟ ಹುಡುಕಿ. ಚಿಗುರನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ, ರಸ ಹೀರುವ ಸಣ್ಣ ಕೀಟಗಳಾದ ಥ್ರಿಪ್ಸ್ ಇದ್ದಲ್ಲಿ ಉದುರುತ್ತವೆ. ಮಾವಿನ ಎಳೆ ಎಲೆಗಳು ಕತ್ತರಿಯಲ್ಲಿ ಕತ್ತರಿಸಿದಂತೆ ಬುಡದಲ್ಲಿ ಬಿದ್ದಿದ್ದರೆ ಎಲೆ ಕತ್ತರಿಸುವ ಮೂತಿಹುಳುವಿನ ಕೆಲಸ. ಬಿದ್ದ ಎಲೆಗಳಲ್ಲೇ ಮೊಟ್ಟೆಗಳಿರುವುದರಿಂದ ಗುಡಿಸಿ ಸುಡಿ.

ಕೀಟ ಸಿಗದಿದ್ದಾಗಲೇ ಹೆಚ್ಚಿನವರು ಎಡವುವುದು. ಹಳದಿ ಯಾವ ಎಲೆಯಿಂದ ಶುರುವಾಗಿದೆ ಎಂಬುದನ್ನು ಗಿಡದ ಮುಂದೆ ನಿಂತೇ ನೋಡಬೇಕು. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ, ಸತು, ಬೋರಾನ್ ಹಾಗೆ ಸಾಗುವುದು ಕಡಿಮೆ, ಅವುಗಳ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ಎಲೆಯ ಗಾತ್ರ ಸರಿಯಾಗಿದ್ದು, ನರಗಳಷ್ಟೇ ಹಸಿರಾಗಿ ಬಲೆಯಂತೆ ಕಂಡರೆ ಕಬ್ಬಿಣ. ಎಲೆ ಚಿಕ್ಕದಾಗಿ, ಕಿರಿದಾಗಿ, ಗೆಣ್ಣುಗಳು ಒತ್ತೊತ್ತಾಗಿ ಗೊಂಚಲಾದರೆ ಸತು. ಎಲೆ ದಪ್ಪಗೆ, ಪೆಡಸಾಗಿ ಮುರುಟಿ, ಕುಡಿಯೇ ಸತ್ತರೆ ಬೋರಾನ್ ಕೊರತೆಯನ್ನು ಅನುಮಾನಿಸಿ. ಸತು ಕೊರತೆಯ ಗುರುತಿನಲ್ಲಿ ಒಂದು ಮೋಸವಿದೆ: ಗ್ಲೈಫೋಸೇಟ್ ಕಳೆನಾಶಕ ಗಾಳಿಯಲ್ಲಿ ತೇಲಿಬಂದು ಗಿಡಕ್ಕೆ ತಾಗಿದರೂ ಚಿಗುರು ಹಾಗೆಯೇ ಕಿರಿದಾಗಿ ಗೊಂಚಲಾಗುತ್ತದೆ. ಕಾಫಿ ಸಾಲಿನ ಕಳೆಗೆ ಯಾವಾಗ ಹೊಡೆಸಿದಿರಿ ಎಂದು ನೆನಪಿಸಿಕೊಂಡು ಆಮೇಲೆ ಸತುವಿಗೆ ದುಡ್ಡು ಕೊಡಿ. ಎಳೆ ಗಿಡದ ಬುಡದ ಕಳೆಯನ್ನು ಕೈಯಲ್ಲೇ ಕೀಳಿಸುವುದು ಲೇಸು.

ಗೊಬ್ಬರ ಹಾಕಿದ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ಕಡೂರು, ಅರಸೀಕೆರೆ ಕಡೆ ಮಣ್ಣಿನಲ್ಲೋ ಕೊಳವೆ ಬಾವಿ ನೀರಿನಲ್ಲೋ ಸುಣ್ಣದಂಶ ಹೆಚ್ಚಿದ್ದರೆ ಕಬ್ಬಿಣವಿದ್ದೂ ಬೇರಿಗೆ ಸಿಗದು. ಮಲೆನಾಡಿನಲ್ಲಿ ಮಳೆಯೇ ಬೋರಾನನ್ನು ತೊಳೆದೊಯ್ಯುತ್ತದೆ.

ಬೇರು ನೋಡದೆ ತೀರ್ಮಾನಿಸಬೇಡಿ. ಬುಡದಿಂದ ಒಂದಡಿ ದೂರದಲ್ಲಿ ಕೈಯಿಂದಲೇ ಮಣ್ಣು ಬಿಡಿಸಿ. ಬೆಣ್ಣೆಹಣ್ಣಿನ ಎಳೆ ಬೇರು ಬೆಳ್ಳಗಿದ್ದರೆ ಸರಿ. ಕಪ್ಪಾಗಿ, ಸುಲಭವಾಗಿ ಮುರಿದರೆ ಫೈಟಾಫ್ತೊರಾ ಎಂಬ, ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ ಬರುವ ಬೇರು ಕೊಳೆರೋಗವಿರಬಹುದು. ಆಗ ಎಲೆಗೆ ಏನು ಸಿಂಪಡಿಸಿದರೂ ವ್ಯರ್ಥ. ಮೊದಲು ಬಸಿಗಾಲುವೆ ತೆಗೆಯಿರಿ. ನರ್ಸರಿಯ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ನೆಟ್ಟ ಗಿಡಗಳೂ ಸಿಗುತ್ತವೆ!

ಸತು ಕೊರತೆಯೆಂದು ಖಚಿತವಾದರೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎಲೆ ಸುಡದಂತೆ 2.5 ಗ್ರಾಂ ಸುಣ್ಣ ಬೆರೆಸಿ, ಸೋಸಿ, ಚಿಗುರು ಅರ್ಧ ಬಿಚ್ಚಿದಾಗ ಸಂಜೆ ಸಿಂಪಡಿಸಿ. ‘ಎಲ್ಲ ಪೋಷಕಾಂಶಗಳೂ ಇವೆ’ ಎನ್ನುವ, ಪ್ರಮಾಣವನ್ನೇ ಮುದ್ರಿಸದ ಬಾಟಲಿಗಳನ್ನು ಮುಟ್ಟಬೇಡಿ. ಮುರುಟಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ. ಫಲಿತಾಂಶ ಅಳೆಯಲು ಮುಂದಿನ ಚಿಗುರನ್ನು ನೋಡಿ. ಅದೂ ಹಾಗೆಯೇ ಬಂದರೆ ಮಣ್ಣು ಪರೀಕ್ಷೆ ಮಾಡಿಸಿ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದೇ ಎಲೆಯ ಬದಲು ಇಡೀ ಕೊಂಬೆಯನ್ನೇ ಒಯ್ದು ತೋರಿಸಿ.